ಹರಿಯದವರ ಮನೆಯ ಹಸಿರು ಹಾಳೆ

ನಾನು ಒಂದು ಬಣ್ಣದ ಹಾಳೆ. ಉಡುಗೊರೆಗೆ ಸುತ್ತುವ ಗಿಫ್ಟ್ ಪೇಪರ್ ಎನ್ನುತ್ತಾರಲ್ಲ, ಅದು. ಕಡುಹಸಿರು ಮೈ, ಮೈತುಂಬ ಹೊನ್ನಿನ ಬಣ್ಣದ ಪುಟ್ಟ ಗಂಟೆಗಳು. ನೋಡಿದವರು ಚೆಂದ ಎನ್ನುತ್ತಿದ್ದರು. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಕುಲದಲ್ಲಿ ಚೆಂದ ಕಂಡವರನ್ನೇ ಮೊದಲು ಕೊಳ್ಳುತ್ತಾರೆ, ಮೊದಲು ಕೊಂಡದ್ದನ್ನೇ ಮೊದಲು ಹರಿಯುತ್ತಾರೆ.

ನಾನು ಹುಟ್ಟಿದ್ದು ಶಿವಕಾಶಿಯ ಒಂದು ಅಚ್ಚುಕೂಟದಲ್ಲಿ. ಮೈಮೇಲಿನ ಮಸಿ ಇನ್ನೂ ಆರಿರಲಿಲ್ಲ, ಆಗಲೇ ಪಕ್ಕದ ರಾಶಿಯಲ್ಲಿದ್ದ ಒಂದು ಕ್ಯಾಲೆಂಡರ್ ನನ್ನನ್ನು ನೋಡಿ ಅಯ್ಯೋ ಎಂದಿತು. "ನಾವಾದರೂ ಒಂದು ವರ್ಷ ಗೋಡೆಯ ಮೇಲಿರುತ್ತೇವೆ. ನಿಮ್ಮದು ಒಂದು ಸಂಜೆ. ಟರ್ರ್ ಅಂದರೆ ಮುಗೀತು."

ಅದು ತಮಾಷೆಗೆ ಹೇಳಿತೋ, ಕನಿಕರದಿಂದ ಹೇಳಿತೋ ತಿಳಿಯದು. ಅಂದು ಹತ್ತಿದ ಭಯ ಮಾತ್ರ ಆಮೇಲೆ ಇಳಿಯಲಿಲ್ಲ. ಲಾರಿಯಲ್ಲಿ ಬರುವಾಗ ಹೆದರಿದೆ. ಗದಗಿನ ಅಂಗಡಿಯಲ್ಲಿ ನೇತುಹಾಕಿದಾಗ ಹೆದರಿದೆ. ಯಾರಾದರೂ ಬೆರಳು ತೋರಿಸಿ ನನ್ನ ಬೆಲೆ ಕೇಳಿದರೆ, ಪಕ್ಕದ ಗುಲಾಬಿ ಬಣ್ಣದ ಹಾಳೆಯನ್ನು ತೆಗೆದುಕೊಳ್ಳಲಿ ದೇವರೇ ಎಂದು ಬೇಡಿಕೊಂಡೆ. ಇಂಥ ಪುಕ್ಕಲು ಸ್ವಭಾವ ನನ್ನದು, ಏನು ಮಾಡಲಿ!

ಡಿಸೆಂಬರಿನ ಒಂದು ಮಧ್ಯಾಹ್ನ ಬಿಳಿ ಸೀರೆಯ ಹೆಂಗಸೊಬ್ಬರು ಅಂಗಡಿಗೆ ಬಂದರು. ಬೆಟಗೇರಿಯ ಎಸ್ತೇರವ್ವ. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಹೊಲಿಗೆ ಕಲಿಸಿ ನಿವೃತ್ತರಾದವರು. ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ. ಎಸ್ತೇರವ್ವ ನನ್ನ ಬಣ್ಣ ನೋಡಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ನನ್ನ ಅಂಚನ್ನು ಹಿಡಿದು ತಿಕ್ಕಿ ನೋಡಿದರು.

"ಗಟ್ಟಿ ಐತೇನೋ ಇದು?"

"ಹರದು ಒಗಿಯೂದಕ್ಕ ಎಷ್ಟು ಗಟ್ಟಿ ಬೇಕ್ರಿ ಅಕ್ಕಾರ?" ಎಂದು ಅಂಗಡಿಯವನು ನಕ್ಕ.

"ಹರಿಯೋ ಮಂದಿ ನಾವಲ್ಲಪ್ಪಾ. ಈ ಸಲ ನಮ್ಮ ಮನಿಗೆ ಹೊಸಾ ಸೊಸಿ ಬಂದಾಳ. ಅಕಿ ಹಾಳಿ ಇದು. ಅಕಿ ಇರೂತನಕ ಇರಬೇಕು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹರಿಯದ ಮನೆಯೂ ಒಂದು ಇರುತ್ತದೆಯೇ? ಸೊಸೆ ಇರುವವರೆಗೆ ನಾನೂ ಇರುತ್ತೇನೆಯೇ? ಸುರುಳಿ ಸುತ್ತಿಕೊಂಡು ಅವರ ಕೈಚೀಲದಲ್ಲಿ ಹೋಗುವಾಗ ಹುಟ್ಟಿದ ಮೇಲೆ ಮೊದಲ ಸಲ ಸಮಾಧಾನದಿಂದ ಉಸಿರಾಡಿದೆ.

ಮನೆಗೆ ಹೋದ ಮೇಲೆ ನನ್ನನ್ನು ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿಟ್ಟರು. ಅಲ್ಲಿ ಆಗಲೇ ನಾಲ್ವರು ಹಿರಿಯರಿದ್ದರು. ಆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಯಜಮಾನರಾದ ದಾನಿಯೇಲಪ್ಪನವರಿಗೆ ಕಂದು ಚೌಕಳಿ. ಮಗ ಜಯಕರನಿಗೆ ನೀಲಿ. ದಾವಣಗೆರೆಗೆ ಮದುವೆಯಾಗಿ ಹೋದ ಮಗಳು ಲೀದಿಯಾಳಿಗೆ ಗುಲಾಬಿ ಹೂಗಳದು. ಎಲ್ಲರಿಗಿಂತ ಅಡಿಯಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ಎಸ್ತೇರವ್ವನವರ ಬೆಳ್ಳಿ ಬಣ್ಣದ ಹಾಳೆ ಮಲಗಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಅವರವರ ಉಡುಗೊರೆಯನ್ನು ಅವರವರ ಹಾಳೆಯಲ್ಲೇ ಸುತ್ತುತ್ತಿದ್ದರು. ಹೆಸರು ಬರೆಯುವ ಪದ್ಧತಿಯೇ ಇಲ್ಲ. ಹಾಳೆ ಕಂಡರೆ ಸಾಕು, ಇದು ಯಾರದೆಂದು ಮನೆಗೆಲ್ಲ ಗೊತ್ತು. ಟ್ರಂಕಿನಲ್ಲಿ ಹಾಳೆ ಇದೆ ಎಂದರೆ ಮನೆಯಲ್ಲಿ ನಿನಗೆ ಜಾಗ ಇದೆ ಎಂದೇ ಅರ್ಥ.

ಬೆಳ್ಳಿ ಹಾಳೆ ನನಗೆ ತನ್ನ ಕಥೆ ಹೇಳಿತು. ಎಸ್ತೇರವ್ವ ಬೋರ್ಡಿಂಗ್ ಶಾಲೆಯಲ್ಲಿ ಓದುವ ಹುಡುಗಿಯಾಗಿದ್ದಾಗ ಒಂದು ಹಬ್ಬಕ್ಕೆ ಅಲ್ಲಿಯ ಮೇಡಮ್ಮು ಒಂದು ಸಾಬೂನನ್ನು ಈ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದರಂತೆ. ತಂದೆತಾಯಿ ಇಲ್ಲದ ಹುಡುಗಿಗೆ ಅದೇ ಮೊದಲ ಉಡುಗೊರೆ. ಸಾಬೂನು ತಿಂಗಳೊಳಗೆ ಕರಗಿತು. ಹಾಳೆ ಉಳಿಯಿತು. ಅಂದಿನಿಂದ ಆ ಹುಡುಗಿ ಯಾವ ಹಾಳೆಯನ್ನೂ ಹರಿದಿಲ್ಲ, ಯಾರಿಗೂ ಹರಿಯಗೊಟ್ಟಿಲ್ಲ.

ಹಬ್ಬದ ಮುನ್ನಾ ದಿನ ಎಸ್ತೇರವ್ವ ಕೋಣೆಯ ಬಾಗಿಲು ಹಾಕಿಕೊಂಡು ಸುತ್ತಲು ಕೂತರು. ಟೇಪು ಗೀಪು ಇಲ್ಲ. ಮೈದಾಹಿಟ್ಟಿನ ತೆಳ್ಳನೆಯ ಅಂಟು, ಅದೂ ಅಲ್ಲೊಂದು ಇಲ್ಲೊಂದು ಚುಕ್ಕೆ. ಒಂದು ನೇರಳೆ ಸೀರೆಯನ್ನು ನನ್ನ ನಡುವೆ ಇಟ್ಟು ನಾಲ್ಕೂ ಕಡೆ ಮಡಿಸಿದರು. ಮಡಿಕೆ ಎಷ್ಟು ನವಿರಾಗಿತ್ತೆಂದರೆ, ನನಗೆ ನೋವು ಗೊತ್ತೇ ಆಗಲಿಲ್ಲ.

ಹಬ್ಬದ ದಿನ ಚರ್ಚಿನಿಂದ ಬಂದು, ಊಟ ಮುಗಿಸಿ, ಹಬ್ಬಕ್ಕೆ ಬಂದ ಲೀದಿಯಾಳೂ ಸೇರಿ ಎಲ್ಲರೂ ಪಡಸಾಲೆಯಲ್ಲಿ ಕೂತರು. ಎಂದಿನಂತೆ ಹಿರಿಯರಾದ ದಾನಿಯೇಲಪ್ಪನವರೇ ಮೊದಲು ಬಿಚ್ಚಬೇಕಿತ್ತು. ಅವರು ಪ್ರೀತಿಯಿಂದ ನನ್ನನ್ನು ಎತ್ತಿ ಸೊಸೆಯ ಕೈಗಿಟ್ಟರು. "ಈ ಸಲ ಹೊಸಾ ಸೊಸಿ ಮದಲ ತಗೀಲಿ."

ಆ ಪ್ರೀತಿಯೇ ಮುಳುವಾಯಿತು ನೋಡಿ. ಎರಡನೆಯವಳಾಗಿ ಬಿಚ್ಚಿದ್ದರೆ ಅವಳು ಮನೆಯ ಪದ್ಧತಿಯನ್ನು ಕಣ್ಣಾರೆ ಕಾಣುತ್ತಿದ್ದಳು.

ಸೊಸೆಯ ಹೆಸರು ಸುಗುಣಾ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಣ್ಣತಮ್ಮಂದಿರ ದಂಡಿನ ನಡುವೆ ಬೆಳೆದವಳು. ಅವರ ಮನೆಯಲ್ಲಿ ಬಿಚ್ಚುವುದೇ ಒಂದು ಸಂಭ್ರಮ. ಎಷ್ಟು ಬೇಗ ಹರಿದರೆ ಅಷ್ಟು ಆಸೆ, ಎಷ್ಟು ಸದ್ದಾದರೆ ಅಷ್ಟು ಖುಷಿ. ಉಡುಗೊರೆಯನ್ನು ನಿಧಾನ ಬಿಚ್ಚಿದರೆ ಕೊಟ್ಟವರಿಗೆ ಬೇಸರವಾದೀತು ಎಂದುಕೊಂಡವರು. ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳು ನನ್ನ ಅಂಚಿನೊಳಗೆ ನುಗ್ಗಿತು. ಬೇಡ ಬೇಡ ಎಂದು ನಾನು ಒಳಗೇ ಕೂಗಿಕೊಂಡೆ.

ಟರ್ರ್!

ಜೊತೆಗೇ ಒಂದು ನಗು. ಗಂಟಲು ಬಿಟ್ಟು, ಪಡಸಾಲೆಯ ಹಂಚಿಗೆ ಬಡಿಯುವಂಥ ನಗು.

"ಅಯ್ಯ, ವೈನೀ!" ಎಂದು ಲೀದಿಯಾ ಬಾಯಿಗೆ ಸೆರಗು ಹಚ್ಚಿದಳು.

ಸುಗುಣಾ ಅವರಿವರ ಮುಖ ನೋಡಿದಳು. ಏನು ತಪ್ಪಾಯಿತೆಂದು ಅವಳಿಗೆ ತಿಳಿಯಲಿಲ್ಲ. ಎಸ್ತೇರವ್ವ, "ಇರ್ಲಿ ಬಿಡವಾ. ಸೀರಿ ಹೆಂಗೈತಿ ನೋಡು" ಎಂದರು, ಅಷ್ಟೇ. ಆಮೇಲೆ ದಾನಿಯೇಲಪ್ಪನವರು ತಮ್ಮದನ್ನು ಎತ್ತಿಕೊಂಡರು. ಅಂಟಿದ ಚುಕ್ಕೆಯ ಮೇಲೆ ಒದ್ದೆ ಬಟ್ಟೆ ಒತ್ತಿದರು. ಅದು ನೆನೆಯುವವರೆಗೆ ಕಾದರು. ಹೇರ್‌ಪಿನ್ನು ತೂರಿಸಿ, ಮಗುವಿನ ರೆಪ್ಪೆ ಬಿಡಿಸುವಷ್ಟು ಮೆಲ್ಲಗೆ ಮಡಿಕೆ ಬಿಡಿಸಿದರು. ಜಯಕರನೂ ಹಾಗೇ. ಲೀದಿಯಾಳೂ ಹಾಗೇ. ಬಿಡಿಸಿದ ಹಾಳೆಗಳನ್ನು ಎಸ್ತೇರವ್ವ ತೆಳು ಪಂಚೆಯ ಕೆಳಗಿಟ್ಟು, ಬೆಚ್ಚನೆಯ ಇಸ್ತ್ರಿ ಆಡಿಸಿ, ಸುರುಳಿ ಸುತ್ತಿ ಟ್ರಂಕಿಗೆ ಸೇರಿಸಿದರು.

ಸುಗುಣಾಳ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಅವಳು ಸೀರೆಯ ಮಡಿಕೆಯನ್ನೂ ಬಿಚ್ಚಿ ನೋಡಲಿಲ್ಲ. ನಾನು ಅವಳ ಪಾದದ ಬಳಿ ಎರಡು ತುಂಡಾಗಿ ಬಿದ್ದಿದ್ದೆ. ನನಗಾದ ನೋವಿಗಿಂತ ಅವಳ ಮುಖ ನೋಡಿ ಆದ ಸಂಕಟವೇ ಹೆಚ್ಚು.

ಮರುದಿನ ಎಲ್ಲರೂ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅವಳು ನನ್ನನ್ನು ತಿರುವಿ ಹಾಕಿ, ಸೀಳನ್ನು ಸೀಳಿಗೆ ಕೂಡಿಸಿ, ಬೆನ್ನಿಗೆ ಸುದ್ದಿಪತ್ರಿಕೆಯ ಪಟ್ಟಿ ಅಂಟಿಸಿದಳು. ಕಣ್ಣೀರು ಅಂಟಿನಲ್ಲಿ ಬಿದ್ದು ಅಂಟು ತೆಳ್ಳಗಾಯಿತು. ಮತ್ತೆ ಕಲಸಿದಳು. ಇಷ್ಟೆಲ್ಲ ಮಾಡಿದರೂ ನನ್ನನ್ನು ಅತ್ತೆಯ ಕೈಗೆ ಕೊಡುವ ಧೈರ್ಯವಾಗಲಿಲ್ಲ. ತನ್ನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಳು. ನನ್ನ ಜಾಗ ಟ್ರಂಕು. ಅಲ್ಲಿ ನಾನಿರಲಿಲ್ಲ. ಹಾಗಾದರೆ ಈ ಮನೆಯಲ್ಲಿ ಅವಳ ಜಾಗ ಎಲ್ಲಿ? ಈ ಚಿಂತೆ ಅವಳಿಗೂ ಹತ್ತಿತು, ನನಗೂ ಹತ್ತಿತು.

ಮರುವರ್ಷ ಹಬ್ಬ ಬಂದಿತು. ಅತ್ತೆ ಹೊಸ ಹಾಳೆ ತಂದಿರಬಹುದೇ ಎಂದು ಸುಗುಣಾ ಆಸೆಯಿಂದ ಕಾದಳು. ಅವಳ ಸರದಿ ಬಂದಾಗ ಕೈಗೆ ಸಿಕ್ಕಿದ್ದು ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಗಂಟು. ಉಳಿದವರಿಗೆಲ್ಲ ಬಣ್ಣದ ಹಾಳೆ, ಅವಳೊಬ್ಬಳಿಗೆ ಸಂತೆಯ ಪೊಟ್ಟಣ. ತನಗೆ ಶಿಕ್ಷೆಯಾಯಿತು ಎಂದುಕೊಂಡಳು. ತುಟಿ ಕಚ್ಚಿ, ದಾರದ ಗಂಟನ್ನು ಉಗುರಿನಿಂದ ಬಿಡಿಸಿ, ಪತ್ರಿಕೆಯ ಒಂದು ಮೂಲೆಯೂ ಮುಕ್ಕಾಗದಂತೆ ತೆರೆದಳು. ಇನ್ನು ಮೇಲೆ ನಾನು ಹರಿಯುವವಳಲ್ಲ ಎಂದು ಅತ್ತೆಗೆ ತೋರಿಸಬೇಕಿತ್ತು. ಆಮೇಲೆ ಆ ಪತ್ರಿಕೆಯನ್ನೂ ಇಸ್ತ್ರಿ ಮಾಡಿ, ತಂದು ನನ್ನ ಮೇಲೆಯೇ ಇಟ್ಟಳು.

ಸುದ್ದಿಪತ್ರಿಕೆಗೆ ಸುಮ್ಮನಿರಲು ಬರುತ್ತದೆಯೇ? ಕಪಾಟಿನ ಬಾಗಿಲು ಮುಚ್ಚಿದ್ದೇ ತಡ, ಬಾಯಿ ತೆರೆಯಿತು.

"ನಿನ್ನೆ ಎಸ್ತೇರವ್ವ ನನ್ನನ್ನು ಮಡಿಸುವಾಗ ಗಂಡನಿಗೆ ಏನೆಂದರು ಗೊತ್ತೇ? 'ಹ್ವಾದ ವರ್ಷ ಅಕಿ ನಕ್ಕದ್ದು ಕೇಳಿದ್ರಿ? ನಮ್ಮ ಮನ್ಯಾಗ ಹಂಗ ಯಾರೂ ನಕ್ಕಿಲ್ಲ. ಅಂಜಿಸಿಬಿಟ್ವಿ ಅಕಿನ್ನ. ಪೇಪರಿನ್ಯಾಗ ಕಟ್ಟತೀನಿ, ಮನಸೋಕ್ತ ಹರೀಲಿ, ಮತ್ತ ಹಂಗ ನಗಲಿ' ಅಂದರು."

ನಾನು ದಂಗಾದೆ. ಶಿಕ್ಷೆಯಲ್ಲ ಅದು! ಅವಳು ಹರಿಯಲಿ ಎಂದೇ ಪತ್ರಿಕೆಯಲ್ಲಿ ಕಟ್ಟಿದ್ದರು. ಇವಳು ಹರಿಯುವುದಿಲ್ಲ ಎಂದು ತೋರಿಸಲು ಪತ್ರಿಕೆಯನ್ನೂ ಬಿಡಿಸಿಟ್ಟಳು. ಅತ್ತೆ, ಸೊಸೆಯ ಉಗುರಿನ ಜಾಗರೂಕತೆ ನೋಡಿ, ಇವಳ ಮನಸ್ಸು ಇನ್ನೂ ಮುರಿದೇ ಇದೆ ಎಂದುಕೊಂಡರು. ಸೊಸೆ ಅತ್ತೆಯ ಸಪ್ಪೆ ಮುಖ ನೋಡಿ, ಇನ್ನೂ ಕ್ಷಮಿಸಿಲ್ಲ ಎಂದುಕೊಂಡಳು.

ಮುಂದಿನ ವರ್ಷವೂ ಅದೇ. ಅದರ ಮುಂದಿನ ವರ್ಷವೂ ಅದೇ. ನನ್ನ ಮೇಲೆ ಪತ್ರಿಕೆಗಳು ಪೇರುತ್ತಾ ಹೋದವು. ಪ್ರತಿಯೊಂದೂ ಬಂದು ಅದೇ ಮಾತು ಹೇಳುತ್ತಿತ್ತು, "ಹರೀಲಿ ಅಂದರು, ಹರೀಲೇ ಇಲ್ಲ." ಡಿಸೆಂಬರ್ ಬಂತೆಂದರೆ ನನ್ನದು ಒಂದೇ ಪ್ರಾರ್ಥನೆ. ಈ ಸಲವಾದರೂ ಇಬ್ಬರಲ್ಲಿ ಒಬ್ಬರು ಬಾಯಿ ಬಿಡಬಾರದೇ? ಎಸ್ತೇರವ್ವನಿಗೆ ಮೊದಲೇ ಮಾತು ಕಡಿಮೆ. ಸುಗುಣಾಳಿಗೆ ಅವರೆಂದರೆ ಅಂಜಿಕೆ. ಒಂದೇ ಒಲೆಯ ಮುಂದೆ ಕೂತು ಕರ್ಚಿಕಾಯಿ ಕರಿಯುತ್ತಿದ್ದರು, ಒಂದೇ ಹಾಡಿನ ಪುಸ್ತಕ ಹಿಡಿದು ಚರ್ಚಿನಲ್ಲಿ ಹಾಡುತ್ತಿದ್ದರು. ಈ ಒಂದು ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಎಲ್ಲ ಗೊತ್ತಿದ್ದೂ ಹೇಳಲಾರದ ಬಾಯಿಲ್ಲದ ಜನ್ಮ ನನ್ನದು.

ಸುಗುಣಾಳಿಗೆ ಮಗಳು ಹುಟ್ಟಿದಳು, ಕೃಪಾ. ಅವಳ ಮೊದಲ ಹಬ್ಬಕ್ಕೆ ಅಜ್ಜಿ ಹಳದಿ ಹಾಳೆ ತಂದರು. ಅದು ಟ್ರಂಕು ಸೇರಿತು. ಮಗುವಿನ ಹಾಳೆಗೆ ಟ್ರಂಕಿನಲ್ಲಿ ಜಾಗ, ತಾಯಿಯ ಹಾಳೆಗೆ ಇಲ್ಲ. ಅಂದು ಸುಗುಣಾ ನನ್ನನ್ನು ಹೊರಗೆ ತೆಗೆದು, ಬೆನ್ನ ಮೇಲಿನ ಪಟ್ಟಿಯನ್ನು ಸವರುತ್ತಾ ಬಹಳ ಹೊತ್ತು ಕೂತಿದ್ದಳು. ಗಂಡ ಬಂದು "ಏನದು?" ಎಂದ. "ಏನಿಲ್ಲರಿ, ಹಳೀ ಹಾಳಿ" ಎಂದು ಮತ್ತೆ ಒಳಗಿಟ್ಟಳು. ಕೃಪಾ ದೊಡ್ಡವಳಾದಾಗ ಹೇರ್‌ಪಿನ್ನು ಹಿಡಿಯುವುದನ್ನು ಅವಳಿಗೆ ಕಲಿಸಿದವಳೂ ಇವಳೇ. ಆ ಮನೆಯಲ್ಲಿ ಈಗ ಇವಳಷ್ಟು ನಾಜೂಕಾಗಿ ಬಿಚ್ಚುವವರು ಇನ್ನೊಬ್ಬರಿಲ್ಲ.

ಕೃಪಾ ಕಾಲೇಜು ಸೇರಿದ ವರ್ಷದ ಮಳೆಗಾಲದಲ್ಲಿ ಎಸ್ತೇರವ್ವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ತೊದಲಿ ತೊದಲಿ, ಒಂದೆರಡು ಶಬ್ದಕ್ಕೆ ನಿಂತುಹೋಯಿತು. ಇಷ್ಟು ವರ್ಷ ಹೇಳದೆ ಉಳಿಸಿಕೊಂಡ ಮಾತನ್ನು ಇನ್ನು ಅವರು ಹೇಳುವುದಾದರೂ ಹೇಗೆ? ಹೇಳದೆಯೇ ಕಣ್ಣು ಮುಚ್ಚಿದರೆ? ತನ್ನನ್ನು ಈ ಮನೆಯವಳು ಎಂದು ಅತ್ತೆ ಒಪ್ಪಲೇ ಇಲ್ಲ ಎಂದು ಈ ಹೆಣ್ಣು ಬದುಕಿಡೀ ನಂಬಿಕೊಂಡು ಕೊರಗಬೇಕೇ?

ಡಿಸೆಂಬರ್ ಬಂತು. ಸುತ್ತುವ ಕೆಲಸ ಯಾರದು? ಎಸ್ತೇರವ್ವ ಎಡಗೈಯಿಂದ ಮಂಚದ ಕೆಳಗೆ ತೋರಿಸಿ, ಆಮೇಲೆ ಸುಗುಣಾಳನ್ನು ತೋರಿಸಿದರು. ಸುಗುಣಾ ಟ್ರಂಕು ಎಳೆದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅದರ ಮುಚ್ಚಳ ಅವಳ ಕೈಯಲ್ಲಿ ತೆರೆಯಿತು.

ಕೋಣೆಯ ಬಾಗಿಲು ಹಾಕಿಕೊಂಡು ಮಾವನದನ್ನು ಕಂದು ಹಾಳೆಯಲ್ಲಿ ಸುತ್ತಿದಳು. ಗಂಡನದನ್ನು ನೀಲಿಯಲ್ಲಿ, ಲೀದಿಯಾಳದನ್ನು ಗುಲಾಬಿಯಲ್ಲಿ, ಮಗಳದನ್ನು ಹಳದಿಯಲ್ಲಿ. ಕೊನೆಗೆ ಅತ್ತೆಗೆಂದು ತಾನೇ ಹೆಣೆದ ಉಣ್ಣೆಯ ಶಾಲು ಉಳಿಯಿತು. ಬೆಳ್ಳಿ ಹಾಳೆಯನ್ನು ಬಿಳಿ ಬಟ್ಟೆಯಿಂದ ಬಿಡಿಸಿದಳು. ಒಣಗಿದ ವೀಳ್ಯದೆಲೆಯ ಹಾಗೆ ಅದು ಚರಚರ ಎಂದಿತು. ಅವಳ ಕೈ ನಿಂತಿತು. ಅತ್ತೆಗೆ ಈಗ ಒಂದೇ ಕೈ, ಅದೂ ಎಡಗೈ. ಹೇರ್‌ಪಿನ್ನು ಹಿಡಿಯಲಾಗದು. ಬೇರೆಯವರು ಬಿಚ್ಚಿಕೊಟ್ಟರೆ ಅವರ ಮನಸ್ಸು ನೊಂದೀತು. ತಾವೇ ಬಿಚ್ಚಲು ಹೋದರೆ ಬೆಳ್ಳಿ ಹಾಳೆ ಪುಡಿಯಾದೀತು, ಆಗ ಅವರ ಎದೆಯೂ ಒಡೆದೀತು.

ಅವಳು ಎದ್ದು ಕಪಾಟಿನ ಹತ್ತಿರ ಬಂದಳು. ಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಎತ್ತಿಕೊಂಡಳು.

"ನೀ ಹೆಂಗೂ ಹರದದ್ದು. ನೀನ ನಡಿ" ಎಂದಳು.

ಶಾಲಿಗೆ ನನ್ನನ್ನು ಸುತ್ತಿದಳು. ಅಂಟು ಒಂದು ಚುಕ್ಕೆಯೂ ಹಾಕಲಿಲ್ಲ. ಎಡಗೈಯಿಂದ ಎಳೆದರೆ ಬಿಚ್ಚುವಂತೆ ಸಡಿಲವಾಗಿ ಒಂದು ದಾರ ಕಟ್ಟಿದಳು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಇವಳು ತಾನಾಗಿಯೇ ಅತ್ತೆಯ ಮಡಿಲಿಗೆ ಇಡುತ್ತಿದ್ದಾಳೆ. ಹಳೆಯ ಗಾಯ ಕೆದಕಿದ್ದಾಳೆ ಎಂದು ಅವರು ತಿಳಿದರೆ? ನನ್ನನ್ನು ಗುರುತು ಹಿಡಿದು ಮುಖ ತಿರುಗಿಸಿದರೆ?

ಹಬ್ಬದ ಮಧ್ಯಾಹ್ನ ಎಸ್ತೇರವ್ವನನ್ನು ಪಡಸಾಲೆಯ ಕುರ್ಚಿಯಲ್ಲಿ ದಿಂಬು ಕೊಟ್ಟು ಕೂಡಿಸಿದರು. ದಾನಿಯೇಲಪ್ಪನವರು, "ಮದಲ ನಿಮ್ಮ ಅತ್ತೀಗೆ ಕೊಡವಾ" ಎಂದರು. ಸುಗುಣಾ ನನ್ನನ್ನು ಅವರ ಮಡಿಲಲ್ಲಿಟ್ಟು, ನೆಲದ ಮೇಲೆ ಅವರ ಕಾಲ ಬಳಿ ಕೂತಳು.

ಎಸ್ತೇರವ್ವ ನನ್ನನ್ನು ನೋಡಿದರು. ಹಸಿರು, ಹೊನ್ನಿನ ಗಂಟೆಗಳು. ಎಡಗೈಯ ಬೆರಳು ಗಂಟೆಯಿಂದ ಗಂಟೆಗೆ ಹರಿದಾಡಿ, ನಡುವಿನ ಸೀಳಿನ ಮೇಲೆ ಬಂದು ನಿಂತಿತು. ಅದರ ಉದ್ದಕ್ಕೂ ಬೆರಳಾಡಿಸಿದರು. ಅಂಚನ್ನು ಎತ್ತಿ, ಬೆನ್ನಿಗೆ ಅಂಟಿಸಿದ ಪಟ್ಟಿಯನ್ನೂ ಕಂಡರು. ಹೊಲಿಗೆ ಕಲಿಸಿದವರ ಬೆರಳು, ಯಾವ ತೇಪೆ ಯಾರು ಹಾಕಿದ್ದೆಂದು ತಿಳಿಯದೇ ಇರುತ್ತದೆಯೇ?

"ಇಟ್ಟಿದ್ದಿ?" ಎಂದರು. ಆ ಒಂದು ಶಬ್ದ ಹೊರಬರಲು ಬಾಯಿಯೆಲ್ಲ ಸೊಟ್ಟಗಾಯಿತು.

"ತಪ್ಪಾಗಿತ್ತರಿ ಅತ್ತಿ" ಎಂದು ಸುಗುಣಾ ತಲೆ ತಗ್ಗಿಸಿದಳು. "ಆವತ್ತ ನನಗ ಗೊತ್ತಿರಲಿಲ್ಲರಿ."

ಎಸ್ತೇರವ್ವ ಜೋರಾಗಿ ತಲೆಯಾಡಿಸಿದರು. ಅಲ್ಲ, ಅಲ್ಲ. ಏನೋ ಹೇಳಹೋದರು, ಗೊರಗೊರ ಸದ್ದು ಮಾತ್ರ ಬಂತು. ಕಣ್ಣಲ್ಲಿ ನೀರು. ಸಿಟ್ಟಿನಿಂದ ಗಂಡನ ಕಡೆ ತಿರುಗಿ, ಹೇಳ್ರಿ ಎಂಬಂತೆ ಎಡಗೈ ಬೀಸಿದರು.

ದಾನಿಯೇಲಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಸುಗುಣಾ, ಅಕಿ ನಿನಗ ಪೇಪರಿನ್ಯಾಗ ಯಾಕ ಕಟ್ಟತಿದ್ಲು ಗೊತ್ತೇನವಾ? ನೀ ಹರೀಲಿ ಅಂತ. ಆವತ್ತ ನಕ್ಕಿದ್ದಿ ನೋಡು, ಅದನ್ನ ಇನ್ನೊಮ್ಮೆ ಕೇಳಬೇಕಂತ ಅಕಿಗೆ. ನೀ ವರ್ಷಾ ಗಂಟು ಬಿಚ್ಚಿಗೋತ ಕುಂದರತಿದ್ದಿ. ಅಕಿ ಒಳಗ ಹೋಗಿ ಅಳತಿದ್ಲು. ಹೆಂಗಸರ ಮಾತು, ನಾ ಯಾಕ ನಡುವ ಬರಲಿ ಅಂತ ಸುಮ್ಮನಿದ್ದೆ ನೋಡು, ಹುಚ್ಚ ಸೂಳೀಮಗ ನಾನು."

ಹಬ್ಬದ ದಿನ ಅಜ್ಜನ ಬಾಯಲ್ಲಿ ಅಂಥ ಬೈಗುಳ ಕೇಳಿ ಕೃಪಾ ಕಣ್ಣರಳಿಸಿದಳು. ಸುಗುಣಾಳಿಗೆ ಅದು ಕೇಳಿಸಲೇ ಇಲ್ಲ. ಅವಳು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. "ಶಿಕ್ಷಾ ಅಂತ ತಿಳಕೊಂಡಿದ್ನಲ್ಲರಿ ಅತ್ತಿ..." ಎಂದು ಅವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು.

ಎಸ್ತೇರವ್ವ ದಾರ ಎಳೆದರು, ಅದು ಜಾರಿ ಬಿತ್ತು. ಇನ್ನು ಮಡಿಕೆ ತೆರೆದರೆ ಮುಗಿಯಿತು. ಅವರು ತೆರೆಯಲಿಲ್ಲ. ಸುಗುಣಾಳ ಕೈ ಹಿಡಿದು ನನ್ನ ಒಂದು ಅಂಚಿನ ಮೇಲಿಟ್ಟರು. ಇನ್ನೊಂದು ಅಂಚನ್ನು ತಮ್ಮ ಎಡಗೈಯಲ್ಲಿ ಹಿಡಿದರು. ಬದುಕಿನಲ್ಲಿ ಎಂದೂ ಒಂದು ಹಾಳೆ ಹರಿಯದ ಕೈ ಅದು. ಏನಾಗಲಿದೆ ಎಂದು ನನಗೆ ಗೊತ್ತಾಗಿಹೋಯಿತು. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಸಲ ಬೇಡ ಎಂದು ಕೂಗಲಿಲ್ಲ.

"ಎಳಿ" ಎಂದರು ಎಸ್ತೇರವ್ವ.

ಟರ್ರ್!

ಹಳೆಯ ತೇಪೆಯ ಮೇಲೆಯೇ, ಈ ತುದಿಯಿಂದ ಆ ತುದಿಯವರೆಗೆ ಬಿಚ್ಚಿಕೊಂಡೆ. ಎಸ್ತೇರವ್ವ ಆ ಸದ್ದಿಗೆ ಬೆಚ್ಚಿ, ಆಮೇಲೆ ಸೊಟ್ಟ ಬಾಯಿಯಲ್ಲೇ ಕುಲುಕುಲು ನಕ್ಕರು. ನಗುತ್ತಲೇ ಉಳಿದ ತುಂಡನ್ನೂ ಹಲ್ಲಿನಲ್ಲಿ ಕಚ್ಚಿ ಹರಿದರು. ಲೀದಿಯಾ ಎಂದಿನಂತೆ ಬಾಯಿಗೆ ಸೆರಗು ಹಚ್ಚಿದಳು. ಸುಗುಣಾ ಮಾತ್ರ ನಗಲಾರದೆ ಅಳುತ್ತಲೇ ಇದ್ದಳು. ಅಷ್ಟು ವರ್ಷದ್ದು, ಒಂದೇ ಮಧ್ಯಾಹ್ನಕ್ಕೆ ಮುಗಿಯಲಿಲ್ಲ.

ಈಗ ನಾನು ಅಂಗೈಯಗಲದ ಒಂದು ಚೂರು. ನನ್ನ ಮೇಲೆ ಉಳಿದಿರುವುದು ಮೂರೇ ಗಂಟೆ. ಮಿಕ್ಕ ತುಂಡುಗಳು ಒಲೆಗೆ ಹೋದವು. ಈ ಚೂರನ್ನು ಎಸ್ತೇರವ್ವ ಮುಷ್ಟಿಯಲ್ಲಿ ಹಿಡಿದು ಬಿಡಲಿಲ್ಲವಾದ್ದರಿಂದ ಸುಗುಣಾ ಅದನ್ನು ಅವರ ಗುಂಡಿ ಡಬ್ಬಿಯ ತಳಕ್ಕೆ ಹಾಸಿದಳು. ಗುಂಡಿ, ಸೂಜಿ, ದಾರದುಂಡೆಗಳ ನಡುವೆ ಬೆಚ್ಚಗಿದ್ದೇನೆ. ಆದರೂ ಹಳೆಯ ಚಾಳಿ ಬಿಟ್ಟಿಲ್ಲ. ಯಾರಾದರೂ ಮುಚ್ಚಳ ತೆರೆದರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಹೆದರಿ ಹೆದರಿ ಇಷ್ಟು ಕಾಲ ಬಾಳಿದೆ. ಹರಿಯದೇ ಉಳಿಯುವುದೇ ಬದುಕು ಎಂದುಕೊಂಡಿದ್ದೆ. ಕಪಾಟಿನ ಕತ್ತಲಲ್ಲಿ ಉಳಿದೆನಲ್ಲ, ಆ ವರ್ಷಗಳಲ್ಲಿ ನಾನು ಯಾರಿಗೆ ಏನು ಉಪಯೋಗಕ್ಕೆ ಬಂದೆ?

ಈ ಸಲದ ಹಬ್ಬದ ಮಾತು ಹೇಳಿ ಮುಗಿಸುತ್ತೇನೆ. ಪಡಸಾಲೆಯ ಗೂಡಿನಲ್ಲಿ ಡಬ್ಬಿ ಇತ್ತು. ಮುಚ್ಚಳ ಹಾಕಿತ್ತು, ನನಗೆ ಏನೂ ಕಾಣುತ್ತಿರಲಿಲ್ಲ. ಒದ್ದೆ ಬಟ್ಟೆ ಒತ್ತುವ ಮೌನ, ಹೇರ್‌ಪಿನ್ನಿನ ಸಣ್ಣ ಕರಕರ, ಎಲ್ಲ ಎಂದಿನಂತೆ. ಆಮೇಲೆ ದಾನಿಯೇಲಪ್ಪನವರು, "ತಗೋ ಸುಗುಣಾ, ನಿಮ್ಮ ಅತ್ತಿ ಕೈಸನ್ನಿ ಮಾಡಿ ಹೇಳಿದಂಗ ಕಟ್ಟೀನಿ" ಎಂದರು. ಸುದ್ದಿಪತ್ರಿಕೆಯ ಸರಸರ ಸದ್ದು ಕೇಳಿತು. ಮತ್ತೆ ಪತ್ರಿಕೆಯಲ್ಲೇ ಕಟ್ಟಿದ್ದಾರೆ! ಅವಳು ಮತ್ತೆ ಗಂಟು ಬಿಡಿಸುತ್ತಾ ಕೂತರೆ? ಗುಂಡಿಗಳ ಅಡಿಯಲ್ಲಿ ನಾನು ಉಸಿರು ಬಿಗಿಹಿಡಿದೆ.

ಆಮೇಲೆ ಟರ್ರ್ ಎಂದಿತು. ಜೊತೆಗೇ ಒಂದು ನಗು. ಗಂಟಲು ಬಿಟ್ಟು, ಪಡಸಾಲೆಯ ಹಂಚಿಗೆ ಬಡಿಯುವಂಥ ನಗು.